ಕೊಟ್ಟು ಪಡೆಯುವ ಬೇರುಗಳು

1885ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ ಹೇಳಿದ ಮಾತು ಅವರ ಕಾಲದ ಅನೇಕರಿಗೆ ರುಚಿಸಲಿಲ್ಲ. ಪ್ರಷ್ಯಾ ಸರ್ಕಾರ ಅವರಿಗೆ ವಹಿಸಿದ್ದು ದುಬಾರಿ ಟ್ರಫಲ್ ಅಣಬೆಯನ್ನು ಬೆಳೆಸುವ ದಾರಿ ಹುಡುಕುವ ಕೆಲಸ. ಅದಕ್ಕಾಗಿ ಮರಗಳ ಬೇರು ಪರೀಕ್ಷಿಸಿದರೆ ಎಳೆಬೇರಿನ ತುದಿಗಳೆಲ್ಲ ಶಿಲೀಂಧ್ರವನ್ನು ಹೊದ್ದುಕೊಂಡಿದ್ದವು, ಮರಗಳೋ ಸೊಂಪಾಗಿದ್ದವು. ಶಿಲೀಂಧ್ರವೆಂದರೆ ರೋಗ ಎಂದುಕೊಂಡಿದ್ದ ಕಾಲದಲ್ಲಿ ಫ್ರಾಂಕ್, ಇದು ಮರಕ್ಕೆ ಮಣ್ಣಿನ ಸಾರ ಉಣಿಸುವ ಜೊತೆಗಾರ ಎಂದರು. ಈ ಕೂಟಕ್ಕೆ ‘ಮೈಕೊರೈಜಾ’ ಎಂದು ಹೆಸರಿಟ್ಟವರೂ ಅವರೇ.

ಕೊನೆಗೆ ಅವರ ಮಾತೇ ನಿಂತಿತು. ಗಿಡಕ್ಕೆ ಬೇಕಾದ ರಂಜಕ ಮಣ್ಣಿನಲ್ಲಿ ಕದಲುವುದೇ ಅಪರೂಪ. ಕಬ್ಬಿಣಕ್ಕೋ ಅಲ್ಯೂಮಿನಿಯಂಗೋ ಕ್ಯಾಲ್ಸಿಯಂಗೋ ಅಂಟಿಕೊಂಡು ಕೂತುಬಿಡುತ್ತದೆ. ಬೇರು ತನ್ನ ಸುತ್ತಲಿನ ಕೆಲವು ಮಿಲಿಮೀಟರ್‌ನಷ್ಟು ಮಣ್ಣಿನ ರಂಜಕವನ್ನು ಹೀರಿದರೆ ಮುಗಿಯಿತು, ಅಲ್ಲಿ ಬರ. ಬೇರುರೋಮಕ್ಕಿಂತ ತೆಳುವಾದ ಶಿಲೀಂಧ್ರದ ಎಳೆಗಳು ಆ ಬರದ ಗಡಿ ದಾಟಿ, ಬೇರು ನುಗ್ಗಲಾರದ ಸಂದುಗಳಲ್ಲಿ ನುಸುಳಿ, ಹಲವು ಸೆಂಟಿಮೀಟರ್ ಆಚೆಯಿಂದ ರಂಜಕವನ್ನೂ ಸತುವನ್ನೂ ತರುತ್ತವೆ. ಹೊಲದ ಬಹುತೇಕ ಬೆಳೆಗಳಲ್ಲಿ ಈ ಎಳೆ ಬೇರಿನ ಜೀವಕೋಶದ ಒಳಗೇ ಹೋಗಿ ಪುಟ್ಟ ಮರದಂತೆ ಕವಲೊಡೆಯುತ್ತದೆ. ಕೊಡುಕೊಳ್ಳುವಿಕೆ ನಡೆಯುವುದು ಅಲ್ಲಿ. ಬದಲಿಗೆ ಗಿಡ ಸಕ್ಕರೆ ಮತ್ತು ಕೊಬ್ಬು ಕೊಡುತ್ತದೆ. ಕೆಲವು ಅಂದಾಜುಗಳಂತೆ, ಎಲೆ ಸಂಪಾದಿಸಿದ ಇಂಗಾಲದಲ್ಲಿ ಶೇ 20ರಷ್ಟು ಇದಕ್ಕೇ ಹೋಗಬಹುದು. ಸ್ಕಾಟ್ಲೆಂಡಿನ ರೈನಿಯಲ್ಲಿ ಸಿಕ್ಕ, 40 ಕೋಟಿ ವರ್ಷ ಹಳೆಯ ಸಸ್ಯ ಪಳೆಯುಳಿಕೆಗಳಲ್ಲೂ ಇದೇ ಕವಲುಗಳಿವೆ. ಆಗಿನ್ನೂ ಗಿಡಗಳಿಗೆ ನಿಜವಾದ ಬೇರುಗಳೇ ಇರಲಿಲ್ಲ!

ಬೇರಿನಂತೆ ಪ್ರತಿಫಲಕ್ಕೆ ಕೊಡುವುದು ಕೊಡುಗೆಯೇ? ಭಗವದ್ಗೀತೆಯ 17ನೇ ಅಧ್ಯಾಯ ಈ ಪ್ರಶ್ನೆಗೆ ಕಟ್ಟುನಿಟ್ಟಾಗಿ ಉತ್ತರಿಸುತ್ತದೆ. ಪ್ರತ್ಯುಪಕಾರ ಮಾಡದವನಿಗೆ ಕೊಟ್ಟದ್ದು ಸಾತ್ವಿಕ ದಾನ, ಅದನ್ನು ಬಯಸಿ ಕೊಟ್ಟದ್ದು ರಾಜಸ. ಆದರೆ ಅದೇ ಗ್ರಂಥದ 3ನೇ ಅಧ್ಯಾಯದ ನೋಟ ಬೇರೆ. ಅಲ್ಲಿ ದೇವತೆಗಳೂ ಮನುಷ್ಯರೂ ಪರಸ್ಪರ ಪೋಷಿಸಿಕೊಂಡೇ ಶ್ರೇಯಸ್ಸು ಕಾಣುತ್ತಾರೆ. ಪಡೆದು, ತಿರುಗಿ ಕೊಡದೆ ಉಣ್ಣುವವನು ಕಳ್ಳ. ದಾನದ ಮಾತು ಬಂದಾಗಲೆಲ್ಲ ಪ್ರವಚನಕಾರರು 17ನೆಯದನ್ನೇ ಹಿಡಿಯುತ್ತಾರೆ. ಅನ್ನ ಹುಟ್ಟುವ ಬಗೆಯನ್ನು ಹೇಳುವುದು 3ನೆಯದು. ಬೇರಿನ ಲೋಕ ಅದಕ್ಕೇ ಹತ್ತಿರ.

ಹತ್ತಿರ, ಆದರೆ ಒಂದೇ ಅಲ್ಲ. 2011ರಲ್ಲಿ ಜೀವವಿಜ್ಞಾನಿ ಟೋಬಿ ಕಿಯರ್ಸ್ ಮತ್ತು ಸಂಗಡಿಗರು ತೋರಿಸಿದಂತೆ, ಹೆಚ್ಚು ರಂಜಕ ತರುವ ಶಿಲೀಂಧ್ರಕ್ಕೆ ಬೇರು ಹೆಚ್ಚು ಇಂಗಾಲ ಕೊಡುತ್ತದೆ. ಹೆಚ್ಚು ಸಕ್ಕರೆ ಕೊಡುವ ಬೇರಿಗೆ ಶಿಲೀಂಧ್ರ ಹೆಚ್ಚು ರಂಜಕ ಕೊಡುತ್ತದೆ. ಇದನ್ನು ನೋಡಿ ಕೆಲವರು ಮಣ್ಣಿನಡಿ ಇರುವುದು ಸಂತೆಯೇ ಎಂದರು. ಇನ್ನು ಕೆಲವರು ಎದುರು ದಿಕ್ಕಿಗೆ ಓಡಿದರು. 1997ರಲ್ಲಿ ಕೆನಡಾದ ಅರಣ್ಯ ವಿಜ್ಞಾನಿ ಸುಝಾನ್ ಸಿಮಾರ್ಡ್ ಬರ್ಚ್ ಮರದಿಂದ ಡಗ್ಲಸ್ ಫರ್ ಸಸಿಗೆ ಇಂಗಾಲ ಹರಿದದ್ದನ್ನು ದಾಖಲಿಸಿದ ಮೇಲೆ, ಮಕ್ಕಳಿಗೆ ಉಣಿಸುವ ತಾಯಿಮರದ ಕಥೆ ಲೋಕವಿಡೀ ಹರಡಿತು. ಕಾಡಿನಲ್ಲಿ ಸಿಕ್ಕ ಪುರಾವೆ ಅಷ್ಟು ದೊಡ್ಡ ಕಥೆಯನ್ನು ಹೊರುವುದಿಲ್ಲ ಎಂದು 2023ರಲ್ಲಿ ಪರಿಶೀಲನಾ ಲೇಖನವೊಂದು ಎಚ್ಚರಿಸಿತು. ಮರವನ್ನು ವ್ಯಾಪಾರಿ ಮಾಡುವುದೂ ಸಂತನನ್ನಾಗಿ ಮಾಡುವುದೂ ಒಂದೇ ತಪ್ಪು: ಎರಡರಲ್ಲೂ ಮನುಷ್ಯ ನೋಡುತ್ತಿರುವುದು ತನ್ನ ಮುಖವನ್ನೇ.

ಆರ್ಕಿಡ್‌ಗಳ ವಿಷಯ ಇನ್ನೂ ತೊಡಕಿನದು. ಅವುಗಳ ಬೀಜ ಧೂಳಿನ ಕಣದಂತೆ. ಒಳಗೆ ಬುತ್ತಿ ಇಲ್ಲವೆಂದೇ ಹೇಳಬೇಕು. ಮೊಳೆಯಬೇಕಾದರೆ ಶಿಲೀಂಧ್ರವೇ ಉಣಿಸಬೇಕು. ಹೆಚ್ಚಿನವು ಎಲೆ ಬಂದ ಮೇಲೆ ತಮ್ಮ ಆಹಾರ ತಾವೇ ಮಾಡಿಕೊಳ್ಳುತ್ತವೆ, ಕೆಲವು ಮಾತ್ರ ಜೀವನವಿಡೀ ಹಸಿರಾಗದೆ ಶಿಲೀಂಧ್ರದಿಂದಲೇ ಉಣ್ಣುತ್ತವೆ. 3ನೇ ಅಧ್ಯಾಯದ ಲೆಕ್ಕದಲ್ಲಿ ಅವು ಕಳ್ಳರೇ? ಹಾಗೆನ್ನಲಾಗದು. ಬೇರೆ ರೀತಿ ಬದುಕಬಲ್ಲವನು ಮಾತ್ರ ಕಳ್ಳನಾಗಬಲ್ಲ. ಆರ್ಕಿಡ್‌ಗೆ ಆ ಆಯ್ಕೆಯಿಲ್ಲ.

ಆಯ್ಕೆ ಇರುವುದು ಮನುಷ್ಯನಿಗೆ. ರಾಗಿ, ಜೋಳ, ತೊಗರಿ ತಿನ್ನುವವರೆಲ್ಲ ಈ ಕೂಟದ ದುಡಿಮೆಯನ್ನೂ ಉಣ್ಣುತ್ತಾರೆ, ಹಾಗಾಗಿ ತಿರುಗಿ ಏನು ಕೊಟ್ಟೆವು ಎಂಬ ಪ್ರಶ್ನೆ ಅವರನ್ನು ಬಿಡುವುದಿಲ್ಲ. ರಂಜಕದ ಗೊಬ್ಬರ ಅಳತೆ ಮೀರಿ ಬಿದ್ದ ಹೊಲದಲ್ಲಿ ಬೇರು ಶಿಲೀಂಧ್ರವನ್ನು ಒಳಗೆ ಬಿಟ್ಟುಕೊಳ್ಳುವುದು ಕಡಿಮೆಯಾಗುತ್ತದೆ. ಪದೇ ಪದೇ ಆಳವಾಗಿ ಉತ್ತರೆ ಎಳೆಗಳು ಹರಿಯುತ್ತವೆ. ರಂಜಕದ ಗೊಬ್ಬರಕ್ಕೆ ಬೇಕಾದ ಫಾಸ್ಫೇಟ್ ಶಿಲೆಯ ಬಹುಪಾಲು ಭಾರತಕ್ಕೆ ಬರುವುದು ಹೊರದೇಶಗಳಿಂದ. ಅದು ಅಗೆದಂತೆಲ್ಲ ಕರಗುವ ನಿಧಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಭಾಗ್ಯರಾಜ್ ಅವರಂಥ ವಿಜ್ಞಾನಿಗಳು ದಶಕಗಳ ಕಾಲ ಮೈಕೊರೈಜಾದ ಬೆನ್ನು ಹತ್ತಿದ್ದಕ್ಕೆ ಇರುವ ಮಹತ್ವ ಇಲ್ಲಿ ತಿಳಿಯುತ್ತದೆ. ಬೆಳೆಗಳ ಈ ಶಿಲೀಂಧ್ರ ಜೀವಂತ ಬೇರಿಲ್ಲದೆ ವೃದ್ಧಿಯಾಗುವುದಿಲ್ಲ. ರೈತರಿಗೆ ಕೊಡಬೇಕೆಂದರೆ ಸಾಮಾನ್ಯವಾಗಿ ಮೊದಲು ಕುಂಡದಲ್ಲಿ ಗಿಡ ನೆಟ್ಟು, ಅದರ ಬೇರಿನಲ್ಲಿ ಶಿಲೀಂಧ್ರವನ್ನು ಬೆಳೆಸಿ, ಆ ಬೇರು-ಮಣ್ಣನ್ನೇ ಹೊಲಕ್ಕೆ ಒಯ್ಯಬೇಕಾಗುತ್ತದೆ.