ಯಾವ ಬೇಲಿಯಲ್ಲಿ ಎಂದು ಬರೆಯಲೇ?

ನಿಜ ಹೇಳಬೇಕು ಎಂಬುದರಲ್ಲಿ ವಿಜ್ಞಾನಕ್ಕೂ ಪುಣ್ಯಕೋಟಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಪುಣ್ಯಕೋಟಿ ಪಣಕ್ಕಿಟ್ಟಿದ್ದು ತನ್ನದೇ ಜೀವವನ್ನು. ನಾನು ನಿಜ ಹೇಳಿದರೆ ಹೋಗಬಹುದಾದದ್ದು ಸುಮಾರು ಕಾಲು ಕಿಲೋ ತೂಗುವ, ಬಾಲವಿಲ್ಲದ, ಮುಖವೆಲ್ಲ ಕಣ್ಣೇ ಆಗಿರುವ ಒಂದು ಪ್ರಾಣಿಯ ಜೀವ. ಅದರ ಒಪ್ಪಿಗೆಯನ್ನು ಯಾರೂ ಕೇಳಿಲ್ಲ.

ಹೆಸರು ಕಾಡುಪಾಪ. ಆದರೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ನಾನು ಅದನ್ನು ಹುಡುಕುವುದು ಕಾಡಿಗಿಂತ ಹೆಚ್ಚಾಗಿ ತೆಂಗಿನ ತೋಟಗಳ ಬೇಲಿಗಳಲ್ಲಿ. ಕಳ್ಳಿ, ಲಂಟಾನ, ಜಾಲಿ, ಹೊಂಗೆ ಹೆಣೆದುಕೊಂಡ ಹಳೆಯ ಬೇಲಿಗಳು. ಟಾರ್ಚಿಗೆ ಕೆಂಪು ಹಾಳೆ ಕಟ್ಟಿಕೊಂಡು ಮೆಲ್ಲಗೆ ನಡೆದರೆ, ಅದೃಷ್ಟವಿದ್ದ ರಾತ್ರಿ, ಎರಡು ಬೀಡಿ ತುದಿಗಳಂತೆ ಕಣ್ಣು ಹೊಳೆಯುತ್ತವೆ. ಕಾಡುಪಾಪ ಕೋತಿಯಂತೆ ಜಿಗಿಯುವುದಿಲ್ಲ. ಮುಂದಿನ ಕೊಂಬೆ ಕೈಗೆ ಸಿಕ್ಕ ಮೇಲೆಯೇ ಹಿಂದಿನದನ್ನು ಬಿಡುವಷ್ಟು ಜಾಗರೂಕ. ಹಾಗಾಗಿ ಬೇಲಿ ತುಂಡಾದರೆ ಅದರ ದಾರಿಯೇ ತುಂಡಾಗುತ್ತದೆ. ನೆಲಕ್ಕಿಳಿದರೆ ನಾಯಿ, ಮೇಲೆ ಹತ್ತಿದರೆ ಕರೆಂಟಿನ ತಂತಿ. ಈಗಂತೂ ಬೇಲಿ ಕಿತ್ತು ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಯುವ ಕಾಲ. ಕೊಬ್ಬರಿ ಬೆಲೆ ಏರಿದಾಗ ಮೊದಲು ಬದಲಾಗುವುದು ಬೇಲಿ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನನ್ನ ನಮೂನೆಯಲ್ಲಿ ದಿನಾಂಕ, ಸಮಯ, ಗಿಡ, ನೆಲದಿಂದ ಎತ್ತರ ಎಲ್ಲವನ್ನೂ ತುಂಬುತ್ತೇನೆ. ಕೊನೆಯ ಕಲಂ ಅಕ್ಷಾಂಶ, ರೇಖಾಂಶ. ತೊಡಕಿರುವುದು ಅಲ್ಲಿ.

ಕಾಡುಪಾಪಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿಯ ಜೊತೆಗೇ ಮೊದಲ ಅನುಸೂಚಿಯಲ್ಲಿ ಸ್ಥಾನವಿದೆ. ಆದರೂ ಮಾಟ ಮಂತ್ರಕ್ಕೆಂದು ಅದನ್ನು ಹಿಡಿದು ಮಾರುವವರಿದ್ದಾರೆ. ಪ್ರಕಟವಾದ ವಿಳಾಸ ಅವರ ಕೆಲಸವನ್ನು ಸುಲಭ ಮಾಡುತ್ತದೆ. ಇದು ಬರೀ ಭಯವಲ್ಲ. ಚೀನಾದ ಒಂದು ಹಲ್ಲಿಯನ್ನು 1999ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ್ದೇ ತಡ, ಸಾಕುಪ್ರಾಣಿ ವ್ಯಾಪಾರಿಗಳು ಮುಗಿಬಿದ್ದು, ಅದು ಮೊದಲು ಸಿಕ್ಕ ಜಾಗದಲ್ಲೇ ಇಲ್ಲವಾಯಿತು. ಇಂಥ ಜೀವಿಗಳ ನೆಲೆಯನ್ನು ಪ್ರಕಟಿಸಬೇಡಿ ಎಂದು 2017ರಲ್ಲಿ ಲಿಂಡೆನ್‌ಮೇಯರ್ ಮತ್ತು ಶೀಲೆ ಎಂಬ ಇಬ್ಬರು ವಿಜ್ಞಾನಿಗಳು 'ಸೈನ್ಸ್' ಪತ್ರಿಕೆಯಲ್ಲೇ ಬರೆದರು.

ಹಾಗಾದರೆ ಬಾಯಿ ಮುಚ್ಚಿಕೊಂಡಿರುವುದೇ ಧರ್ಮವೇ? ಅದೂ ಸಲೀಸಲ್ಲ. ಪಕ್ಕದ ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣವನ್ನೇ ನೋಡಿ. ಆ ಕುರುಚಲು ಕಾಡಿನಲ್ಲಿ ಚಿಂಕಾರ ಇದೆಯೆಂದು ಸಂಜಯ್ ಗುಬ್ಬಿ ಅವರ ತಂಡದ ಕ್ಯಾಮೆರಾಗಳು ತೋರಿಸಿಕೊಟ್ಟವು. 2019ರಲ್ಲಿ ಅದು ಚಿಂಕಾರ ಅಭಯಾರಣ್ಯವಾಯಿತು. ಇದೆ ಎಂದು ಹೇಳದೆ ಇದ್ದಿದ್ದರೆ ಅದು ಇನ್ನೂ 'ಪಾಳು ಗುಡ್ಡ'ವೇ. ತಮಿಳುನಾಡು 2022ರಲ್ಲಿ ಕಡವೂರಿನಲ್ಲಿ ಕಾಡುಪಾಪಕ್ಕೆಂದೇ 11,806 ಹೆಕ್ಟೇರ್ ಅಭಯಾರಣ್ಯ ಮಾಡಿದ್ದೂ ಅದು ಅಲ್ಲಿದೆಯೆಂದು ಗೊತ್ತಾಗಿದ್ದರಿಂದಲೇ. ಆದರೆ ನಮ್ಮ ಬೇಲಿಗಳನ್ನು ಯಾವ ಸರ್ಕಾರ ಅಭಯಾರಣ್ಯ ಮಾಡೀತು? ಅವು ಯಾರದೋ ಖಾತೆಯ ಜಮೀನಿನ ಅಂಚು.

ಸಂಶೋಧಕರು ಸಾಮಾನ್ಯವಾಗಿ ಕಂಡುಕೊಂಡಿರುವ ಉಪಾಯ, ನಕ್ಷೆಯನ್ನು ಮಸುಕು ಮಾಡುವುದು. ಹಳ್ಳಿಯ ಬದಲು ತಾಲ್ಲೂಕು, ತಾಲ್ಲೂಕಿನ ಬದಲು ಜಿಲ್ಲೆ. ನಾನೂ ಅದನ್ನೇ ಮಾಡುವವಳಿದ್ದೆ. ಆದರೆ ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬ ತಾತ, ತಮ್ಮ ತೋಟದ ತಲೆಬಾಗಿಲಲ್ಲಿ ನಿಂತು ನನ್ನ ಬರವಣಿಗೆಯನ್ನೇ ನೋಡುತ್ತಿದ್ದವರು, "ಇದ್ನ ಬರ್ಕಂಡೋಗಿ ಯಾರಿಗ್ ತೋರಿಸ್ತೀಯವ್ವ? ನಮ್ಗಂತೂ ಯಾರೂ ಬಂದು ಹೇಳಲ್ಲ" ಅಂದರು. ಆ ಬೇಲಿಯಲ್ಲಿ ಪಾಪ ಇರುವುದನ್ನು ನನಗೆ ಮೊದಲು ಹೇಳಿದ್ದು ಅವರೇ! ಎರಡು ತೋಟ ಆಚೆಗೆ ಅವರ ಅಣ್ಣನ ಮಗ ಬೇಲಿ ತೆಗೆಸಲು ಜೆಸಿಬಿಗೆ ಹೇಳಿಯಾಗಿತ್ತು. ಅವನಿಗೆ ವಿಷಯವೇ ಗೊತ್ತಿರಲಿಲ್ಲ.

ನಮ್ಮ ಪದ್ಧತಿಯಲ್ಲಿ ನಿಜ ಮೊದಲು ತಲುಪುವುದು ಮಾರ್ಗದರ್ಶಕರಿಗೆ, ಆಮೇಲೆ ಜರ್ನಲ್‌ಗೆ, ಆಮೇಲೆ ಎಲ್ಲರಿಗೂ ತೆರೆದ ದತ್ತಾಂಶ ಕೋಶಕ್ಕೆ. ಊರಿಗೆ ತಲುಪುವುದೇ ಇಲ್ಲ. ಮಸುಕು ಮಾಡಿದಾಗಲೂ ಈ ಸಾಲು ಬದಲಾಗುವುದಿಲ್ಲ. ಕಳ್ಳನ ಜೊತೆಗೆ ಬೇಲಿಯ ಒಡೆಯನಿಗೂ ಕಾಣದಂತಾಗುತ್ತದೆ, ಅಷ್ಟೆ. ನನಗೆ ಅನ್ನಿಸುವುದು, ಈ ಸಾಲನ್ನೇ ತಿರುಗಿಸಬೇಕು. ಯಾರ ಒಂದು ಮಾತಿನಿಂದ ಆ ಬೇಲಿ ಉಳಿಯುತ್ತದೋ ಅಥವಾ ಹೋಗುತ್ತದೋ ಅವರಿಗೆ ಪೂರ್ತಿ ನಿಜ, ಮೊದಲು. ದೂರ ಹೋದಂತೆ ಕಡಿಮೆ.

ಇದಕ್ಕೆ ಗೆಳೆಯರ ಆಕ್ಷೇಪ ಗಟ್ಟಿಯಾದದ್ದೇ: ಹಿಡಿದು ಕೊಡುವವನೂ ಹತ್ತಿರದವನೇ ಆಗಿದ್ದರೆ? ಆಗಬಹುದು. ಪಾಪವನ್ನು ಕಂಡರೆ ಅಪಶಕುನ ಎನ್ನುವವರೂ ಊರಲ್ಲಿದ್ದಾರೆ. ಆದರೆ ರಾತ್ರಿ ನೀರು ಹಾಯಿಸುವವರಿಗೆ ಅದು ಎಲ್ಲಿದೆಯೆಂದು ನನಗಿಂತ ಮೊದಲೇ ಗೊತ್ತು. ಅವರಿಗೆ ತಿಳಿಯದೆ ಇರುವುದು ಅದು ಜಿಗಿಯಲಾರದು ಎಂಬುದು, ಹತ್ತು ಅಡಿ ಬೇಲಿ ತೆಗೆದರೆ ಏನಾಗುತ್ತದೆ ಎಂಬುದು. ಊರವರನ್ನೆಲ್ಲ ಕಳ್ಳರೆಂದು ಅನುಮಾನಿಸಿ ಇದನ್ನೂ ಹೇಳದೆ ಬರುವುದು ನನಗೆ ಒಗ್ಗದು.

ತಾತನ ಅಣ್ಣನ ಮಗನ ಜೊತೆ ಮಾತಾಡಿದ್ದೇನೆ. ಪೂರ್ತಿ ಒಪ್ಪಿಲ್ಲ, ಹೊಂಗೆ ಮರಗಳಿರುವ ಒಂದು ಕಡೆಯನ್ನು ಮಾತ್ರ ಬಿಟ್ಟಿದ್ದಾನೆ. ಅದೂ ಈ ವರ್ಷಕ್ಕೆ. ನನ್ನ ಪ್ರಬಂಧದ ನಕ್ಷೆಯಲ್ಲಿ ಮೂರು ತಾಲ್ಲೂಕುಗಳ ಗಡಿಯಷ್ಟೇ ಇರುತ್ತದೆ, ಚುಕ್ಕೆಗಳಿರುವುದಿಲ್ಲ. ಪರಿಶೀಲಿಸುವುದು ಹೇಗೆ ಎಂದು ಪರೀಕ್ಷಕರು ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ಒಂದು ರಾತ್ರಿ ಬನ್ನಿ, ತೋಟದವರ ಅನುಮತಿ ಪಡೆದು ಜೊತೆಗೇ ನಡೆಯೋಣ ಎನ್ನುತ್ತೇನೆ. ಟಾರ್ಚಿಗೆ ಕೆಂಪು ಹಾಳೆ ನನ್ನ ಹತ್ತಿರ ಇನ್ನೊಂದಿದೆ.