ಯಾರ ಪತ್ರಕ್ಕೆ ಎಷ್ಟು ಜಾಗ

ಈಮ್ಯಾಕ್ಸ್ ಬಳಸದವರಿಗೆ ಮೊದಲು ಒಂದು ಗೊಂದಲ ಬಿಡಿಸಿಬಿಡ್ತೀನಿ. ನಾವೆಲ್ಲ ಕಂಪ್ಯೂಟರಿನಲ್ಲಿ ಯಾವುದನ್ನು ವಿಂಡೋ ಅಂತೀವೋ, ಮೂಲೆಯ ಗುರುತು ಒತ್ತಿ ಮುಚ್ಚುತ್ತೀವೋ, ಅದಕ್ಕೆ ಈಮ್ಯಾಕ್ಸ್‌ನಲ್ಲಿ ಫ್ರೇಮ್ ಅಂತ ಹೆಸರು. ಆ ಫ್ರೇಮನ್ನು ಎರಡೋ ಮೂರೋ ಭಾಗ ಮಾಡಿಕೊಂಡರೆ ಒಂದೊಂದು ಭಾಗವೂ ಒಂದು ವಿಂಡೋ. ಇದೇನು ಹಟಮಾರಿತನ ಅಂದುಕೊಳ್ಳಬೇಡಿ. ಈ ಎಡಿಟರ್ ಹುಟ್ಟಿದ್ದು 1976ರಲ್ಲಿ, ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ, ರಿಚರ್ಡ್ ಸ್ಟಾಲ್‌ಮನ್ ಮತ್ತು ಅವರ ಜೊತೆಗಾರರ ಕೈಯಲ್ಲಿ. ಮೌಸಿನಿಂದ ಎಳೆದಾಡುವ ಕಿಟಕಿಗಳು ಆಗಿನ್ನೂ ಸಾಮಾನ್ಯರ ಮೇಜಿಗೆ ಬಂದಿರಲಿಲ್ಲ. ಅಕ್ಷರಗಳಷ್ಟೇ ಮೂಡುವ ಒಂದು ಪರದೆ, ಅದನ್ನು ಒಡೆದರೆ ವಿಂಡೋ. ಹಳೇ ಮನೆಗಳ ಕಿಟಕಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತೆ. ಒಂದು ಚೌಕಟ್ಟು, ನಾಲ್ಕು ಕದ. ಬೆಳಕು ಬೇಕೆಂದರೆ ಮೇಲಿನೆರಡು ತೆಗೆಯಿರಿ, ಬೀದಿಯವರ ಕಣ್ಣು ಬೇಡ ಅಂದರೆ ಕೆಳಗಿನೆರಡು ಮುಚ್ಚಿಡಿ.

ಈ ಎಡಿಟರಿನ ಒಳಗೇ ಕೂತು ಮೇಲ್ ಓದುವ ಜನ ಇದ್ದಾರೆ. ನಾನೂ ಅವರಲ್ಲೊಬ್ಬ. ಗ್ನೂಸ್, ವಿಎಂ, ಎಂಯು4ಇ ಅಂತ ಅದಕ್ಕೆಂದೇ ಹಲವು ಪ್ಯಾಕೇಜುಗಳಿವೆ. ಪತ್ರಗಳ ಪಟ್ಟಿ ಎಲ್ಲಿರಬೇಕು, ಪತ್ರ ಎಲ್ಲಿ ತೆರೀಬೇಕು, ಉತ್ತರ ಬರೆಯುವಾಗ ಎದುರಿಗೆ ಏನಿರಬೇಕು ಅನ್ನೋದನ್ನೆಲ್ಲ ಅವುಗಳಲ್ಲಿ ನಾವೇ ಬರೆದಿಡಬಹುದು. ಹೊರಗಿನಿಂದ ನೋಡುವವರಿಗೆ ಇದು ಕೆಲಸ ಇಲ್ಲದ ಗೀಕ್‌ಗಳ ಚಪಲ. ನನಗೆ ಮಾತ್ರ ಇತ್ತೀಚೆಗೆ ಇದು ನೀತಿಯ ಪ್ರಶ್ನೆಯಾಗಿ ಕಾಣೋಕೆ ಶುರುವಾಗಿದೆ. ಒಬ್ಬರು ನಮಗೆ ಅಂತ ಬರೆದ ಮಾತಿಗೆ ನಮ್ಮ ಕಣ್ಣೆದುರು ಎಷ್ಟು ಜಾಗ ಸಲ್ಲಬೇಕು? ಅದನ್ನು ತೀರ್ಮಾನ ಮಾಡೋರು ಯಾರು?

ಎಂಯು4ಇಯನ್ನೇ ತಗೊಳ್ಳಿ. ನೀವೇನೂ ಹೇಳದಿದ್ದರೆ ಅದು ಪರದೆಯನ್ನು ಅಡ್ಡಕ್ಕೆ ಸೀಳಿ, ಮೇಲೆ ಹತ್ತು ಸಾಲಿನ ಪಟ್ಟಿ ಉಳಿಸಿಕೊಂಡು, ಕೆಳಗೆ ಪತ್ರ ತೆರೆಯುತ್ತೆ. ಅಂದರೆ ಒಬ್ಬರ ಮಾತು ಓದುತ್ತಿರುವಾಗ ಇನ್ನೊಂದಷ್ಟು ಜನ ತಲೆಯ ಮೇಲೆ ಸಾಲಾಗಿ ನಿಂತಿರುತ್ತಾರೆ. ನಮ್ಮೂರುಗಳ ಕೆಲವು ಕ್ಲಿನಿಕ್ಕುಗಳಲ್ಲಿ ಕಾಂಪೌಂಡರು ಒಬ್ಬ ರೋಗಿಯ ಜೊತೆಗೇ ಮುಂದಿನ ಮೂವರನ್ನೂ ಒಳಗೆ ಬೆಂಚಿನ ಮೇಲೆ ಕೂರಿಸ್ತಾನಲ್ಲ, ಹಾಗೆ. ಡಾಕ್ಟರಿಗೆ ಟೈಮ್ ಉಳಿಯುತ್ತೆ, ನಿಜ. ಆದರೆ ಸ್ಟೂಲಿನ ಮೇಲೆ ಕೂತವರು ಎಲ್ಲಿ ನೋವು ಅನ್ನೋದನ್ನು ಅರ್ಧಕ್ಕೇ ನಿಲ್ಲಿಸಿ ಎದ್ದುಬಿಡ್ತಾರೆ. ಪರದೆಯನ್ನು ಉದ್ದಕ್ಕೆ ಸೀಳಿ ಅಂದರೆ ಇನ್ನೊಂದು ತಮಾಷೆ. ಪಟ್ಟಿಗೆ ಮೊದಲೇ ನಿಗದಿಯಾದ ಅಗಲ 30 ಅಕ್ಷರ, ಅದರಲ್ಲಿ ತಾರೀಖು, ಗುರುತು ಎಲ್ಲ ಬಂದು ಕಳಿಸಿದವರ ಹೆಸರೇ ಕತ್ತರಿಸಿ ಹೋಗುತ್ತೆ. ಒಡೆಯಲೇ ಬೇಡ ಅಂದರೂ ಅದು ಕೇಳುತ್ತೆ. ಆಗ ಪಟ್ಟಿ ನೋಡುವಾಗ ಪಟ್ಟಿ ಮಾತ್ರ, ಪತ್ರ ಓದುವಾಗ ಪತ್ರ ಮಾತ್ರ. ನಾನು ಇಟ್ಟುಕೊಂಡಿರೋದು ಇದನ್ನೇ. ಇದರಿಂದ ಬೆಳಗಿನ ಮೇಲ್ ಮುಗಿಸೋಕೆ ಹೆಚ್ಚು ಹೊತ್ತು ಹಿಡಿಯುತ್ತೆ ಅನ್ನೋದನ್ನೂ ಹೇಳಿಬಿಡಬೇಕು.

ಆದರೆ ನನ್ನ ತಲೆ ಕೆಡಿಸಿದ್ದು ಓದುವ ಕಿಟಕಿಗಿಂತ ಬರೆಯುವ ಕಿಟಕಿ. ಗ್ನೂಸ್‌ನಲ್ಲಿ ಉತ್ತರ ಬರೆಯೋಕೆ ಎರಡು ಕೀಲಿಗಳಿವೆ, ಸಣ್ಣ ಆರ್ ಮತ್ತು ದೊಡ್ಡ ಆರ್. ದೊಡ್ಡದನ್ನು ಒತ್ತಿದರೆ ಬಂದ ಪತ್ರವೆಲ್ಲ ನಿಮ್ಮ ಉತ್ತರದೊಳಗೇ ಸುರಿದುಕೊಳ್ಳುತ್ತೆ, ಪ್ರತಿ ಸಾಲಿನ ಹಿಂದೆ ಉಲ್ಲೇಖದ ಗುರುತು ಹೊತ್ತು. ಪರದೆಯ ಮೇಲೆ ನಿಮ್ಮ ಕರಡು ಒಂದೇ. ಸಣ್ಣದನ್ನು ಒತ್ತಿದರೆ ಪರದೆಯ ಮೇಲಿನರ್ಧದಲ್ಲಿ ಅವರ ಪತ್ರ ಇದ್ದ ಹಾಗೇ ನಿಲ್ಲುತ್ತೆ, ಕೆಳಗಿನರ್ಧ ನಿಮ್ಮ ಖಾಲಿ ಹಾಳೆ. ಗ್ನೂಸ್‌ನ ಸಂರಚನೆಯ ಪಟ್ಟಿಯಲ್ಲಿ ಇದು ಒಂದೇ ಸಾಲು. ಪತ್ರಕ್ಕೆ 0.5, ಉಳಿದದ್ದು ಉತ್ತರಕ್ಕೆ, ಕರ್ಸರ್ ಉತ್ತರದ ಕಡೆ.

ವ್ಯತ್ಯಾಸ ಸಣ್ಣದು ಅನಿಸುತ್ತೆ ಅಲ್ವಾ? ಒಂದು ಕಲ್ಪನೆ ಮಾಡಿಕೊಳ್ಳೋಣ. ಟೀಮಿಗೆ ಹೊಸದಾಗಿ ಸೇರಿದ ಹುಡುಗಿ ತನ್ನ ಲೀಡ್‌ಗೆ ಮೇಲ್ ಬರೆದಿದ್ದಾಳೆ. ನಾಲ್ಕು ಪ್ಯಾರಾ. ಮೊದಲನೆಯದರಲ್ಲಿ ಕ್ಷಮೆ, ಎರಡನೆಯದರಲ್ಲಿ ಟೆಸ್ಟಿಂಗ್ ಸೋಮವಾರಕ್ಕೆ ಹೋಗುತ್ತೆ ಅನ್ನೋ ಮಾತು, ಮೂರನೆಯದರಲ್ಲಿ ಯಾವ ಕೆಲಸ ಯಾರಿಗೆ ಒಪ್ಪಿಸಿದ್ದೇನೆ ಅನ್ನೋ ವಿವರ. ಅಪ್ಪನಿಗೆ ಶುಕ್ರವಾರ ಹಾಸನದಲ್ಲಿ ಆಪರೇಷನ್ ಅನ್ನೋದು ನಾಲ್ಕನೆಯದು. ನಮ್ಮ ಮಕ್ಕಳು ಪತ್ರ ಬರೆಯೋದೇ ಹೀಗೆ, ಸಂಕಟವನ್ನು ಕೊನೆಗೆ ಇಡ್ತಾರೆ, ಅದೂ ಸಂಕೋಚದಿಂದ. ಈಗ ಲೀಡ್ ದೊಡ್ಡ ಆರ್ ಒತ್ತುತ್ತಾನೆ. ಇಡೀ ಪತ್ರ ಅವನ ಕೈಗೆ ಬಂತು. ಸೋಮವಾರದ ಸಾಲೊಂದನ್ನು ಉಳಿಸಿ, ಉಳಿದದ್ದನ್ನು ಅಳಿಸಿ, ಕೆಳಗೆ ‘ಇದು ಆಗಲ್ಲ’ ಅಂತ ಬರೆಯೋಕೆ ಹತ್ತು ಸೆಕೆಂಡು ಸಾಕು. ಅವನು ಸುಳ್ಳೇನೂ ಹೇಳಿಲ್ಲ. ಅವಳ ಮಾತನ್ನೇ ಅಕ್ಷರಶಃ ಉಲ್ಲೇಖಿಸಿದ್ದಾನೆ. ಆದರೆ ಅವನು ಕಳಿಸುವ ಬಟನ್ ಒತ್ತುವ ಹೊತ್ತಿಗೆ ಅವನ ಪರದೆಯ ಮೇಲೆ ಅವಳ ಅಪ್ಪ ಇಲ್ಲ.

ಉಲ್ಲೇಖ ಅನ್ನೋದು ಇನ್ನೊಬ್ಬರ ಮಾತನ್ನು ನನ್ನ ಕತ್ತರಿಯ ಕೆಳಗೆ ತರುತ್ತೆ. ಪಕ್ಕದ ವಿಂಡೋದಲ್ಲಿ ನಿಂತ ಪತ್ರಕ್ಕೆ ನನ್ನ ಕತ್ತರಿ ತಾಗೋದಿಲ್ಲ. ನಾನೇನು ಬರೆದರೂ ಅದು ತನ್ನ ನಾಲ್ಕೂ ಪ್ಯಾರಾ ಹೊತ್ತು ಎದುರಿಗೇ ಕೂತಿರುತ್ತೆ. ಕೋಪ ಬಂದಾಗ ನನಗೆ ಬೇಕಾದ ಸಾಲು ಮಾತ್ರ ನೆನಪಿರೋದು ಮನುಷ್ಯ ಸಹಜ. ನೆನಪು ಬಿಟ್ಟಿದ್ದನ್ನು ಕಣ್ಣು ಹಿಡಿದುಕೊಂಡಿರಲಿ ಅನ್ನೋದಷ್ಟೇ ಆ 0.5ರ ಉಪಕಾರ. ಹಾಗಂತ ಅದು ಯಾರ ಕೈಯನ್ನೂ ಹಿಡಿದು ನಿಲ್ಲಿಸೋದಿಲ್ಲ. ಕಟುಕನಾಗೋ ಮನಸ್ಸಿದ್ದವನು ನಾಲ್ಕೂ ಪ್ಯಾರಾ ನೋಡ್ಕೊಂಡೇ ‘ಆಗಲ್ಲ’ ಅನ್ನಬಹುದು. ಆಗ ಕನಿಷ್ಠ ನೋಡಿರಲಿಲ್ಲ ಅನ್ನೋ ನೆಪ ಇರೋದಿಲ್ಲ. (ಪ್ರತಿ ಅಂಶದ ಕೆಳಗೂ ಉತ್ತರ ಬರೆಯುವ ಹಳೇ ಪದ್ಧತಿಯ ಮಂದಿ ಉಲ್ಲೇಖವನ್ನೇ ಮರ್ಯಾದೆಯಿಂದ ಬಳಸ್ತಾರೆ. ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಆಫೀಸು ಮೇಲ್‌ಗಳಲ್ಲಿ ಅಂಥವರು ಈಗ ಹುಡುಕಿದರೂ ಸಿಗಲ್ಲ.)

ಇನ್ನು ತೀರ್ಮಾನ ಯಾರದು ಅನ್ನೋ ಪ್ರಶ್ನೆ. ವಿಎಂನಲ್ಲಿ ‘ಮ್ಯೂಟಬಲ್’ ಅನ್ನೋ ಪದವಿರುವ ಎರಡು ಆಯ್ಕೆಗಳಿವೆ, ಒಂದು ವಿಂಡೋಗಳಿಗೆ, ಒಂದು ಫ್ರೇಮುಗಳಿಗೆ. ಎರಡೂ ಕೇಳೋದು ಒಂದೇ: ನೀವು ಜೋಡಿಸಿಟ್ಟದ್ದನ್ನು ನಾನು ಮುಟ್ಟಬಹುದಾ? ಒಂದು ಸಾಫ್ಟ್‌ವೇರ್ ಹೀಗೆ ಅನುಮತಿ ಕೇಳೋದು ನನಗೆ ಇವತ್ತಿಗೂ ಅಚ್ಚರಿಯ ವಿಷಯ. ಗ್ನೂಸ್ ಅಷ್ಟು ಸಂಕೋಚದ್ದಲ್ಲ. ಅದು ಬಂದ ತಕ್ಷಣ ಫ್ರೇಮಿನಲ್ಲಿದ್ದ ಬೇರೆ ವಿಂಡೋಗಳನ್ನೆಲ್ಲ ಎಬ್ಬಿಸಿ ತಾನೊಂದೇ ಕೂರುತ್ತೆ, ಮದುವೆ ಮನೆಗೆ ಬಂದ ಹಿರಿಯ ಮಾವನ ಹಾಗೆ. ಬೇಡ ಅಂದರೆ ಸುಮ್ಮನಾಗುತ್ತೆ, ಆದರೆ ಬೇಡ ಅನ್ನಬೇಕಾದವರು ನೀವು. ಎಂಥ ಉದಾರ ಸಾಫ್ಟ್‌ವೇರಿನಲ್ಲೂ ಸುಮ್ಮನಿದ್ದವರ ಪರವಾಗಿ ಬೇರೆ ಯಾರೋ ಮೊದಲೇ ತೀರ್ಮಾನ ಮಾಡಿಟ್ಟಿರುತ್ತಾರೆ.

ಈಮ್ಯಾಕ್ಸ್‌ನ ಒಳಗೆ ಇದಕ್ಕೊಂದು ಸರದಿಯೇ ಇದೆ. ಏನನ್ನಾದರೂ ಎಲ್ಲಿ ತೋರಿಸಬೇಕು ಅನ್ನೋ ಪ್ರಶ್ನೆ ಬಂದಾಗ ಅದು ಬಳಕೆದಾರ ಬರೆದಿಟ್ಟ ನಿಯಮಗಳನ್ನು ಮೊದಲು ನೋಡುತ್ತೆ, ಕರೆದ ಪ್ರೋಗ್ರಾಮಿನ ಇಷ್ಟವನ್ನು ಆಮೇಲೆ. ಬಳಕೆದಾರನ ನಿಯಮವನ್ನೂ ಮೀರುವ ಒಂದು ಮೆಟ್ಟಿಲು ಮೇಲಿದೆ, ತುರ್ತಿಗೆ ಅಂತ ಪ್ರೋಗ್ರಾಮುಗಳಿಗೆ ಬಿಟ್ಟದ್ದು. ಇರಲಿ, ಯಾವ ಸಂವಿಧಾನದಲ್ಲಿ ಇಂಥದ್ದಿಲ್ಲ? ಈಗ ಜೇಬಿನಲ್ಲಿರುವ ಫೋನಿನ ಜೊತೆ ಹೋಲಿಸಿ ನೋಡಿ. ಅಲ್ಲಿ ಯಾರ ಮಾತು ಮೊದಲು? ನೀವು ಅಮ್ಮನ ಮೆಸೇಜ್ ಓದುವಾಗ ಮೇಲಿನಿಂದ ಇಳಿದು ಬರುವ ಆ ಪಟ್ಟಿಗೆ ಜಾಗ ಕೊಟ್ಟವರು ಯಾರು?

ನನ್ನ ಗೆಳೆಯನೊಬ್ಬ ಇದನ್ನೆಲ್ಲ ಕೇಳಿ ನಕ್ಕ. ‘ಮೇಲ್‌ಗೆ ಉತ್ತರ ಕೊಡೋದು ಬಿಟ್ಟು ಕಿಟಕಿಗೆ ಬಣ್ಣ ಹೊಡೀತಾ ಕೂತಿದ್ದೀಯ’ ಅಂದ. ಮಾತಿನಲ್ಲಿ ಸತ್ಯವಿದೆ. ಭಾನುವಾರ ಮಧ್ಯಾಹ್ನವೆಲ್ಲ 0.25 ಮಾಡಲೋ 0.3 ಮಾಡಲೋ ಅಂತ ಕಳೆಯುವ ಜನರನ್ನು ನಾನೂ ಬಲ್ಲೆ. ಅದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಲಿಸ್ಪ್ ಬರೆಯೋಕೆ ಬರುವ, ತನ್ನ ಲ್ಯಾಪ್‌ಟಾಪಿನಲ್ಲಿ ತನಗಿಷ್ಟ ಬಂದ ಸಾಫ್ಟ್‌ವೇರ್ ಹಾಕಿಕೊಳ್ಳೋಕೆ ಐಟಿ ಇಲಾಖೆ ಬಿಡುವ, ಬಿಡುವಿನ ಭಾನುವಾರ ಇರುವ ಮನುಷ್ಯನಿಗೆ ಮಾತ್ರ ಸಿಗುವ ಸ್ವಾತಂತ್ರ್ಯ ಇದು. ಕಾಲ್ ಸೆಂಟರಿನಲ್ಲಿ ಕೂತು ಒಂದರ ಹಿಂದೆ ಒಂದು ದೂರಿನ ಮೇಲ್‌ಗೆ ಉತ್ತರ ಬರೆಯುವವರ ಪರದೆ ಅವರದ್ದಲ್ಲ. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ನನಗೆ ಆಯ್ಕೆ ಇದೆಯಾದ್ದರಿಂದ ಅದನ್ನು ಹೇಗೆ ಬಳಸ್ತೀನಿ ಅನ್ನೋದು ನನ್ನ ತಲೆಗೆ ಬಂತು, ಅಷ್ಟೇ.

ಮತ್ತೆ ಆ ಹುಡುಗಿಯ ವಿಷಯ. ಅವಳ ಪತ್ರ ಯಾರ ಪರದೆಯಲ್ಲಿ, ಎಷ್ಟು ಸಾಲಿನ ಕಿಂಡಿಯಲ್ಲಿ ತೆರೆಯುತ್ತೆ ಅನ್ನೋದು ಅವಳಿಗೆ ಗೊತ್ತಿಲ್ಲ, ಗೊತ್ತಾಗುವಂತೆಯೂ ಇಲ್ಲ. ಅದಕ್ಕೇ ವೃತ್ತಿಜೀವನದ ಪಾಠ ಹೇಳುವವರು ‘ಮುಖ್ಯವಾದದ್ದನ್ನು ಮೊದಲ ಸಾಲಿನಲ್ಲೇ ಹೇಳಿ, ಸಬ್ಜೆಕ್ಟ್ ಚಿಕ್ಕದಾಗಿರಲಿ’ ಅಂತ ಕಲಿಸ್ತಾರೆ. ಒಳ್ಳೇ ಸಲಹೆಯೇ. ಆದರೆ ನೋಡಿ, ಕಿಟಕಿ ಚಿಕ್ಕದಾಗಿದ್ದಕ್ಕೆ ದಂಡ ಕಟ್ಟೋದು ಪತ್ರ ಬರೆದವಳು. ಅಪ್ಪನ ಆಪರೇಷನ್ನನ್ನು ಸಬ್ಜೆಕ್ಟ್ ಸಾಲಿಗೆ ಏರಿಸೋದನ್ನು ಅವಳಿಗೆ ಕಲಿಸಬೇಕೋ, ಲೀಡ್‌ಗೆ ಅವನ ಪರದೆ ಬದಲಿಸೋದನ್ನು ಕಲಿಸಬೇಕೋ ಅಂತ ಕೇಳಿದರೆ ನಾನು ಎರಡನೆಯದರ ಕಡೆ. ಅವನಿಗೆ ಬೇಕಿರೋದು ಒಂದು ಸಾಲು ಲಿಸ್ಪ್ ಕೂಡ ಅಲ್ಲ, ದೊಡ್ಡ ಆರ್ ಬದಲು ಸಣ್ಣ ಆರ್ ಒತ್ತಿದರಾಯ್ತು.