ಹಿತ್ತಲ ಖೋಲಿ

ಜಾಂಬೋಟಿಯ ಮನೆಯ ಚಿಂತೆಯನ್ನು ನಾನು ಬೆಳಗಾವಿಯಲ್ಲೇ ಬಿಟ್ಟು ಹೊರಟಿದ್ದೆ. ಮಗಳ ಬಾಣಂತನ ಮುಗಿಸಿಕೊಂಡು ಬಂದು ನೋಡಿದರಾಯಿತು ಎಂದುಕೊಂಡಿದ್ದೆ. ಆದರೆ ಚಿಂತೆಗಳಿಗೆ ವೀಸಾ ಬೇಕಾಗುವುದಿಲ್ಲ ನೋಡಿ. ಅದು ನನಗಿಂತ ಮುಂಚೆ ಹೋಗಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಜಪಾನೀ ಬಜಾರಿನಲ್ಲಿ ನನಗಾಗಿ ಕಾದು ಕುಳಿತಿತ್ತು.

ಮನೆಯ ವಿಷಯ ಮೊದಲು ಹೇಳುತ್ತೇನೆ. ನನ್ನ ತವರು ಜಾಂಬೋಟಿ. ಖಾನಾಪುರ ತಾಲೂಕಿನ ಊರು. ಬೆಳಗಾವಿಯಿಂದ ಚೋರ್ಲಾ ಘಾಟಿನ ಮೇಲೆ ಗೋವೆಗೆ ಹೋಗುವವರೆಲ್ಲ ನಮ್ಮೂರನ್ನು ಹಾಯ್ದೇ ಹೋಗುತ್ತಾರೆ. ಮುಂದೆ ಸ್ವಲ್ಪ ದೂರದಲ್ಲಿ ಕಣಕುಂಬಿ, ಮಲಪ್ರಭೆ ಹುಟ್ಟುವ ಜಾಗ. ಮಳೆಗಾಲದಲ್ಲಿ ಗೋಡೆಯೂ ಬೆವರುವಂಥ ಊರು. ನಮ್ಮ ಚಿಕ್ಕಂದಿನಲ್ಲಿ ಅಲ್ಲಿಗೆ ಬರಲು ಬೀಗರೂ ಬೇಸರಪಡುತ್ತಿದ್ದರು. ಈಗ ಶನಿವಾರ ಬಂತೆಂದರೆ ಕಾರುಗಳ ಸಾಲು. ಕಾಡು, ಜಲಪಾತ, ಮಂಜು ಇವಕ್ಕೆಲ್ಲ ಬೆಲೆ ಬಂದಿದೆ. ಅಪ್ಪ ಹೋದ ಮೇಲೆ ಬೀಗ ಹಾಕಿಕೊಂಡಿದ್ದ ನಮ್ಮ ಹಂಚಿನ ಮನೆಗೂ ಬಂತು.

2023ರ ಫೆಬ್ರುವರಿಯಲ್ಲಿ ಬೆಳಗಾವಿಯ ಒಬ್ಬ ಉದ್ಯಮಿ ಮನೆಗೆ ಬಂದರು. ಒಳ್ಳೆಯ ಮನುಷ್ಯ, ಮಾತು ಮೃದು. ಹದಿನೈದು ವರ್ಷಕ್ಕೆ ಲೀಜಿಗೆ ಕೊಡಿ, ಮನೆಯನ್ನು ಇದ್ದ ಹಾಗೇ ಇಟ್ಟು ‘ಹಳ್ಳಿಮನೆ’ ಮಾಡುತ್ತೇನೆ ಎಂದರು. "ಅಕ್ಕಾರ, ಒಂದು ಹಂಚೂ ತೆಗೆಯೋದಿಲ್ಲ. ಬೀಸುಕಲ್ಲು, ಒಳ್ಳು, ಒನಕಿ, ತಾಮ್ರದ ಹಂಡೆ, ಎಲ್ಲಾ ಹಂಗ ಇರಲಿ. ಮಂದಿ ಅದಕ್ಕಂತನ ಬರ್ತಾರ. ಹಿತ್ತಲ ಖೋಲಿ ಒಂದು ಖಾಲಿ ಮಾಡಿ ಕೊಟ್ರ ಸಾಕು. ಅಲ್ಲಿ ಬಾತ್‌ರೂಮ್ ಕಟ್ಟಬೇಕು." ಅವರು ಹೇಳಿದ ಮೊತ್ತ ಕೇಳಿ, ಪುಣೆಯಲ್ಲಿರುವ ನನ್ನ ತಮ್ಮ ಫೋನಿನಲ್ಲೇ ಹೂಂ ಎಂದ. ನಾನೂ ಹೂಂ ಎಂದೆ. ಕಾಗದಪತ್ರ ಮಾತ್ರ ನಾನು ತಿರುಗಿ ಬಂದ ಮೇಲೆ ಎಂದಾಯಿತು.

ಹಿತ್ತಲ ಖೋಲಿಯಲ್ಲಿ ಆಯಿ ಇರುತ್ತಾಳೆ. ಅವಳ ಮಾತು ಆಮೇಲೆ.

ಅಮೆರಿಕದಲ್ಲಿ ಒಂದು ರವಿವಾರ ಮಗಳು, "ಅವ್ವಾ, ಚಹಾದ ಕೆಟ್ಲಿ ಒಡದೈತಿ, ಜಪಾನ್‌ಟೌನಿಗೆ ಹೋಗಿ ತರೋಣ ಬಾ" ಎಂದಳು. 2018ರಲ್ಲಿ ಮೊದಲ ಸಲ ಹೋದಾಗಲೂ ಕರೆದೊಯ್ದಿದ್ದಳು. ಆಗ ನನಗೆ ಅದು ಜಾತ್ರೆಯಂತೆ ಕಂಡಿತ್ತು. ಅದರ ಹೆಸರು ಜಪಾನ್ ಸೆಂಟರ್. ಎರಡು ಮೂರು ದೊಡ್ಡ ಕಟ್ಟಡಗಳು, ನಡುವೆ ರಸ್ತೆಯ ಮೇಲೆ ಹಾಯ್ದುಹೋಗುವ ಸೇತುವೆ, ಆ ಸೇತುವೆಯಲ್ಲೂ ಅಂಗಡಿ. ಒಳಗೆ ಮರದ ಚೌಕಟ್ಟು, ಕಾಗದದ ದೀಪ, ಬಟ್ಟೆಯ ಪರದೆ. ಕಬುಕಿ ಎಂಬ ಜಪಾನೀ ನಾಟಕದ ಹೆಸರಿಟ್ಟುಕೊಂಡ ಚಿತ್ರಮಂದಿರದಲ್ಲಿ ಹಾಲಿವುಡ್ಡಿನ ಸಿನಿಮಾ! ಬಲದಿಂದ ಎಡಕ್ಕೆ ತೆರೆಯುವ ಪುಸ್ತಕಗಳ ಅಂಗಡಿ, ಹುಡುಗಿಯರು ಕಿಚಪಿಚ ಎನ್ನುತ್ತ ಫೋಟೋ ತೆಗೆಸಿಕೊಳ್ಳುವ ಡಬ್ಬಿಗಳು. ಊಟದ ಮನೆಗಳ ಗಾಜಿನ ಹಿಂದೆ ಪ್ಲಾಸ್ಟಿಕ್ಕಿನಿಂದ ಮಾಡಿದ ಅನ್ನ, ಸಾರು, ಕರಿದ ತಿನಿಸು. ನಿಜವಾದುದಕ್ಕಿಂತ ಹೆಚ್ಚು ಹಸಿವು ತರುವಂಥವು. ಹೊರಗೆ ಅಂಗಳದಲ್ಲಿ ಐದು ಅಂತಸ್ತಿನ ಕಾಂಕ್ರೀಟಿನ ಶಾಂತಿ ಗೋಪುರ. ಓಸಾಕಾ ನಗರದ ಉಡುಗೊರೆ, ಯೋಶಿರೋ ತಾನಿಗುಚಿ ಎಂಬ ಜಪಾನೀ ಶಿಲ್ಪಿಯ ವಿನ್ಯಾಸ.

ಮೊದಲ ಸಲ ಪಕ್ಕದ ಬೀದಿಯ ಬೆಂಕ್ಯೋಡೋ ಎಂಬ ಹಳೆಯ ಅಂಗಡಿಯಲ್ಲಿ ಮಾಂಜು ತಿಂದಿದ್ದೆ. ಹೊರಗೆ ಮೆತ್ತನೆಯ ಹಿಟ್ಟು, ಒಳಗೆ ಕೆಂಪು ಕಾಳಿನ ಸಿಹಿ ಹೂರಣ. ಕಡುಬೇ ಸರಿ, ಏಲಕ್ಕಿ ಒಂದು ಕಡಿಮೆ. 1906ರಿಂದ ನಡೆದು ಬಂದ ಆ ಅಂಗಡಿ 2022ರಲ್ಲಿ ಮುಚ್ಚಿತೆಂದು ಈ ಸಲ ತಿಳಿಯಿತು. ಮಾಂಜು ಸಿಗಲಿಲ್ಲವೆಂಬ ಸಿಟ್ಟಿಗೆ ನಾನು ಬೀದಿಯಲ್ಲಿ ಅಡ್ಡಾಡುತ್ತಿದ್ದಾಗಲೇ ಅಲ್ಲಲ್ಲಿ ನೆಟ್ಟ ಇತಿಹಾಸದ ಫಲಕಗಳು ಕಣ್ಣಿಗೆ ಬಿದ್ದದ್ದು. ಮೊದಲ ಸಲವೂ ಅವು ಇದ್ದವು. ನಾನು ಓದಿರಲಿಲ್ಲ, ಅಷ್ಟೇ. ಆ ದಿನ ಓದಿದ್ದು ಸಾಲದೆ ಮಗಳಿಂದ ಗ್ರಂಥಾಲಯದ ಪುಸ್ತಕ ತರಿಸಿಕೊಂಡೂ ಓದಿದೆ.

1906ರ ಭೂಕಂಪದ ನಂತರ ಜಪಾನೀಯರು ಆ ಪೇಟೆಗೆ ಬಂದು ನೆಲೆಸಿದರು. ಮನೆ, ಅಂಗಡಿ, ದೇವಾಲಯ, ಸ್ನಾನದ ಮನೆ, ಮಕ್ಕಳಿಗೆ ಭಾಷೆಯ ಶಾಲೆ, ಎಲ್ಲವನ್ನೂ ಕಟ್ಟಿಕೊಂಡರು. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರಿನ ಮೇಲೆ ಜಪಾನ್ ಬಾಂಬು ಹಾಕಿತು. 1942ರ ಫೆಬ್ರುವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟರ ಆಜ್ಞೆ ಬಂತು. ಪಶ್ಚಿಮ ಕರಾವಳಿಯ ಜಪಾನೀ ಮೂಲದವರನ್ನೆಲ್ಲ, ಸುಮಾರು 1,20,000 ಜನರನ್ನು, ಹಿಡಿದು ಶಿಬಿರಗಳಲ್ಲಿಟ್ಟರು. ಅವರಲ್ಲಿ ಮೂರರಲ್ಲಿ ಎರಡು ಪಾಲು ಜನ ಅಮೆರಿಕದಲ್ಲೇ ಹುಟ್ಟಿದ ಅಲ್ಲಿಯ ನಾಗರಿಕರು. ಕೈಯಲ್ಲಿ ಹೊರುವಷ್ಟನ್ನು ಮಾತ್ರ ಒಯ್ಯಬಹುದು. ಉಳಿದದ್ದನ್ನು ಸಿಕ್ಕ ಬೆಲೆಗೆ ಮಾರಬೇಕು, ಇಲ್ಲವೇ ಬಿಡಬೇಕು.

ಈ ಪುಸ್ತಕಗಳಲ್ಲಿ ಒಂದು ಸಂಗತಿ ನನ್ನನ್ನು ನಿಲ್ಲಿಸಿಬಿಟ್ಟಿತು. ಪೊಲೀಸರು ಬರುವ ಮುನ್ನ ಅನೇಕ ಮನೆಗಳಲ್ಲಿ ಹೆಂಗಸರು ಜಪಾನಿನ ಕಾಗದಗಳನ್ನು, ಪುಸ್ತಕಗಳನ್ನು, ಕಿಮೋನೋಗಳನ್ನು, ಹೆಣ್ಣುಮಕ್ಕಳ ಗೊಂಬೆಗಳನ್ನು ತಾವೇ ಸುಟ್ಟರಂತೆ, ಹೂತರಂತೆ. ಮಾರ್ಚ್ ತಿಂಗಳಲ್ಲಿ ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ಮೇಲೆ, ನಮ್ಮ ಮೈಸೂರು ಕಡೆಯ ದಸರಾ ಗೊಂಬೆಗಳಂತೆ, ರಾಜ ರಾಣಿಯರನ್ನು ಕೂಡಿಸಿ ಪೂಜಿಸುವ ಗೊಂಬೆಗಳು. ಮನೆಯಲ್ಲಿ ಅವು ಇದ್ದರೆ ಶತ್ರುವಿನ ಕಡೆಯವರೆಂಬ ಗುಮಾನಿ. ಅಂಥವೇ ಗೊಂಬೆಗಳನ್ನು ನಾನು ಅಂಗಡಿಯ ಗಾಜಿನ ಹಿಂದೆ ಆಗಷ್ಟೇ ನೋಡಿ, ಬೆಲೆಯ ಚೀಟಿ ತಿರುಗಿಸಿ, ಅಬ್ಬಾ ಎಂದು ಮುಂದೆ ಬಂದಿದ್ದೆ.

ಹೋದವರ ಮನೆಗಳಿಗೆ ಹಡಗುಕಟ್ಟೆಯ ಕೆಲಸಕ್ಕೆ ದಕ್ಷಿಣದಿಂದ ಬಂದ ಕಪ್ಪು ಜನರ ಸಂಸಾರಗಳು ಬಂದು ಸೇರಿದವು. ಅವರದೇನು ತಪ್ಪು? ಬೇರೆ ಕಡೆ ಅವರಿಗೆ ಮನೆ ಕೊಡುವವರಿರಲಿಲ್ಲ. ಯುದ್ಧ ಮುಗಿದು ಜಪಾನೀಯರು ಒಬ್ಬೊಬ್ಬರಾಗಿ ತಿರುಗಿ ಬಂದರು. ಅಷ್ಟರಲ್ಲಿ ನಗರದವರು ಆ ಪೇಟೆಯೆಲ್ಲ ಹಾಳುಬಿದ್ದ ವಸತಿಯೆಂದು ತೀರ್ಮಾನಿಸಿ, ಪುನರಭಿವೃದ್ಧಿಯ ಹೆಸರಿನಲ್ಲಿ ಕರಿಯರ ಮನೆಗಳನ್ನೂ ಜಪಾನೀಯರ ಮನೆಗಳನ್ನೂ ಕೆಡವಿದರು. ಗಿಯರಿ ರಸ್ತೆಯನ್ನು ಹೊಳೆಯಂತೆ ಅಗಲ ಮಾಡಿದರು. ಆ ಜಾಗದಲ್ಲಿ 1968ರಲ್ಲಿ ತೆರೆದದ್ದೇ ಈ ಜಪಾನ್ ಸೆಂಟರ್. ಜಪಾನೀಯರು ಇದ್ದ ಮನೆಗಳನ್ನು ತೆಗೆದು ಜಪಾನಿನಂತೆ ಕಾಣುವ ಅಂಗಡಿಗಳನ್ನು ಕಟ್ಟಿದ್ದು! ಅದರ ನಕ್ಷೆ ಬರೆದವರು ಮಿನೋರು ಯಾಮಸಾಕಿ. ಮುಂದೆ ನ್ಯೂಯಾರ್ಕಿನ ಅವಳಿ ಗೋಪುರಗಳಿಂದ ಹೆಸರಾದವರು. ಅವರೂ ವಲಸೆ ಬಂದ ಜಪಾನೀಯರ ಮಗ. ಯುದ್ಧಕಾಲದಲ್ಲಿ ತಂದೆತಾಯಿಗಳನ್ನು ತಮ್ಮ ನ್ಯೂಯಾರ್ಕಿನ ಮನೆಗೆ ಕರೆಸಿಕೊಂಡು ಶಿಬಿರದಿಂದ ಉಳಿಸಿಕೊಂಡಿದ್ದರು.

ಇನ್ನೊಂದು ಮಾಲಿನ ಕತೆ ಕೇಳಿ. ಸ್ಯಾನ್ ಬ್ರೂನೋ ಎಂಬ ಊರಿನಲ್ಲಿ ತಾನ್‌ಫೊರಾನ್ ಎಂಬ ಕುದುರೆ ಜೂಜಿನ ಮೈದಾನವಿತ್ತು. ಆ ಸುತ್ತಿನ ಸುಮಾರು 8,000 ಜಪಾನೀಯರನ್ನು 1942ರಲ್ಲಿ ಮೊದಲು ತುಂಬಿದ್ದು ಅಲ್ಲಿ. ಎಷ್ಟೋ ಸಂಸಾರಗಳಿಗೆ ಕುದುರೆ ಲಾಯವೇ ಮನೆ. ಲದ್ದಿಯ ಮೇಲೆಯೇ ಸುಣ್ಣ ಬಳಿದಿದ್ದರಂತೆ. ಆಮೇಲೆ ಹೆಚ್ಚಿನವರನ್ನು ಯೂಟಾದ ಮರುಭೂಮಿಯ ಟೋಪಾಜ್ ಶಿಬಿರಕ್ಕೆ ಸಾಗಿಸಿದರು. ಮೈದಾನದ ಜಾಗದಲ್ಲಿ 1971ರಲ್ಲಿ ಮಾಲ್ ಎದ್ದಿತು. ಅದರ ಪಕ್ಕದ ರೈಲು ನಿಲ್ದಾಣದ ಹತ್ತಿರ 2022ರಲ್ಲಿ ಇಬ್ಬರು ಪುಟ್ಟ ಹುಡುಗಿಯರ ಕಂಚಿನ ಪ್ರತಿಮೆ ನಿಲ್ಲಿಸಿದ್ದಾರೆ. ಡೊರೊಥಿಯಾ ಲ್ಯಾಂಗ್ ಎಂಬಾಕೆ 1942ರಲ್ಲಿ ತೆಗೆದ ಚಿತ್ರವನ್ನು ನೋಡಿ ಮಾಡಿದ್ದು. ಆ ಚಿತ್ರದಲ್ಲಿ ಮಕ್ಕಳ ಕೋಟಿಗೆ, ನಾವು ಸೂಟ್‌ಕೇಸಿಗೆ ಕಟ್ಟುತ್ತೇವಲ್ಲ, ಅಂಥ ಚೀಟಿ.

ಮಗಳ ಜೊತೆ ಆ ರಾತ್ರಿ ವಾದವಾಯಿತು. ಮೊಮ್ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅವಳು ಹೇಳಿದ್ದು ಸುಳ್ಳಲ್ಲ. "ಅವ್ವಾ, ಆ ಮಾಲ್ ಇರಲಿಲ್ಲಂದ್ರ ಈಗ ಅಲ್ಲಿ ಜಪಾನಿನ ಸುಳಿವೂ ಇರತಿರಲಿಲ್ಲ. ಯುದ್ಧಕ್ಕಿಂತ ಮೊದಲು ಕ್ಯಾಲಿಫೋರ್ನಿಯಾದಾಗ ಇಂಥಾ ಪ್ಯಾಟಿ ಎಷ್ಟೋ ಇದ್ದವಂತ, ಈಗ ಮೂರ ಉಳದಾವ. ಅಂಗಡಿ ನಡದದ್ದಕ್ಕ ಇದು ಉಳದೈತಿ." ನಿಜವೇ. 1968ರಿಂದ ಪ್ರತಿ ಏಪ್ರಿಲ್‌ನಲ್ಲಿ ಅಲ್ಲಿ ಚೆರ್ರಿ ಹೂವಿನ ಹಬ್ಬ ನಡೆಯುತ್ತದೆ; ದೂರದ ಊರುಗಳಿಗೆ ಚದುರಿಹೋದ ಮನೆತನಗಳು ಆ ದಿನ ಬಂದು ಸೇರುತ್ತವೆ. ಶಿಬಿರದಲ್ಲಿದ್ದು ಬಂದ ರೂತ್ ಅಸಾವಾ ಎಂಬ ಕಲಾವಿದೆ ಮಡಿಸಿದ ಕಾಗದದಂತೆ ಕಾಣುವ ಕಾರಂಜಿಗಳನ್ನು ಮಾಡಿಕೊಟ್ಟಿದ್ದು ಆ ಪೇಟೆಯ ಬೀದಿಗೇ. 1970ರ ದಶಕದಲ್ಲಿ ಮತ್ತೊಮ್ಮೆ ಎತ್ತಂಗಡಿ ಬಂದಾಗ ಬಾಡಿಗೆಯವರೂ ಸಣ್ಣ ಅಂಗಡಿಯವರೂ ಸಂಘ ಕಟ್ಟಿ ಎದುರು ನಿಂತರು. ಬರಿಯ ವೇಷವೆಂದು ತಳ್ಳಿಹಾಕಲು ಬರುವುದಿಲ್ಲ. ಕಾಗದದ ದೀಪದ ಕೆಳಗೆ ಕೂತು ಚಹಾ ಕುಡಿಯುವ ಮುದುಕಿಗೆ ಆ ದೀಪ ಏನೆಂದು ನಾನ್ಯಾರು ಹೇಳಲು?

ಹಾಗಾದರೆ ನನ್ನ ಮನಸ್ಸಿಗೆ ಚುಚ್ಚಿದ್ದು ಏನು? ಬಹಳ ಹೊತ್ತು ಅದು ಹಿಡಿತಕ್ಕೆ ಸಿಗಲಿಲ್ಲ. ಒಂದು ಬದುಕಿನ ಸಾಮಾನು ಅಂಗಡಿಗೆ ಬಂದರೆ ತಪ್ಪೇನಿಲ್ಲ. ನಮ್ಮ ಇಳಕಲ್ ಸೀರೆ, ಖಾನಾಪುರದ ಮಣ್ಣಿನ ಗಡಿಗೆ, ಬೆಳಗಾವಿಯ ಕುಂದಾ, ಇವೆಲ್ಲ ಮಾರಿಯೇ ಬದುಕಿದ ವಸ್ತುಗಳು. ಕೊಳ್ಳುವವರಿಲ್ಲದಿದ್ದರೆ ನೇಯುವವರೂ ಇರುವುದಿಲ್ಲ. ಆದರೆ ಗೊಂಬೆ ಬೇಕು, ಗೊಂಬೆಯನ್ನು ಆಡಿಸಿದವಳು ಬೇಡ ಎಂದಾಗ? ಜಾಂಬೋಟಿ ರಸ್ತೆಯ ಒಂದು ರೆಸಾರ್ಟಿನಲ್ಲಿ ನಾನೊಮ್ಮೆ ಮದುವೆಯ ಊಟಕ್ಕೆ ಹೋಗಿದ್ದೆ. ಮಳೆಗೆ ತಲೆಯ ಮೇಲೆ ಹೊದ್ದುಕೊಂಡು ನಾಟಿಗೆ ಇಳಿಯುತ್ತಿದ್ದರಲ್ಲ ಗೊರಬು, ಅದನ್ನು ತಿರುಗಿಸಿ ತೂಗುಹಾಕಿ ಒಳಗೆ ಬಲ್ಬು ಇಟ್ಟಿದ್ದರು. ಎಷ್ಟು ಚೆಂದ ಕಾಣುತ್ತದೆ ಎಂದು ನಾನೇ ಮೊದಲು ಹೇಳಿದೆ. ಅದರ ಕೆಳಗೆ ನೆನೆಯುತ್ತಿದ್ದ ಬೆನ್ನು ಆಗ ನೆನಪಾಗಲಿಲ್ಲ.

ಆ ಬೆನ್ನು ಆಯಿಯದು. ಆಕೆಯ ಗಂಡ ನಮ್ಮ ಗದ್ದೆ ಮಾಡುತ್ತಿದ್ದ. ಲಗ್ನವಾಗಿ ಬಂದಾಗಿನಿಂದ ಅವಳಿದ್ದದ್ದು ಹಿತ್ತಲ ಖೋಲಿಯಲ್ಲೇ. 1974ರಲ್ಲಿ ‘ಉಳುವವನೇ ಒಡೆಯ’ ಕಾನೂನು ಬಂದಾಗ ಎಷ್ಟೋ ಗೇಣಿದಾರರು ಏಳನೇ ನಮೂನೆ ತುಂಬಿ ಹೊಲಕ್ಕೆ ಒಡೆಯರಾದರು. ಇವನು ತುಂಬಲಿಲ್ಲ. ಅಪ್ಪನ ಮುಖ ನೋಡಿ ತುಂಬಲಿಲ್ಲ. "ಧಣೇರ ಮನಿ ಅನ್ನ ಉಂಡೀನಿ" ಎಂದನಂತೆ. ಈ ಕತೆಯನ್ನು ನಮ್ಮ ಮನೆಯಲ್ಲಿ ಅವನ ನಿಯತ್ತಿನ ಕತೆಯೆಂದು ಹೇಳುತ್ತಿದ್ದರು. ನಾನೂ ನನ್ನ ಮಕ್ಕಳಿಗೆ ಹಾಗೆಯೇ ಹೇಳಿದ್ದೇನೆ. ಅಪ್ಪ ಆಮೇಲೆ ಆ ಗದ್ದೆ ಮಾರಿ ನಮ್ಮಿಬ್ಬರ ಓದು, ನನ್ನ ಮದುವೆ ಮಾಡಿದರು. ಆ ನಿಯತ್ತಿಗೆ ಪ್ರತಿಯಾಗಿ ನಾವು ಕೊಟ್ಟದ್ದೇನು ಎಂಬ ಲೆಕ್ಕವನ್ನು ಯಾರೂ ಕೇಳಲಿಲ್ಲ. ಹಬ್ಬಕ್ಕೊಂದು ಸೀರೆ ಕೊಟ್ಟೆವು. ಖೋಲಿಯಲ್ಲಿ ಇರಲು ಬಿಟ್ಟೆವು. ಈಗ ಅದನ್ನೂ ಖಾಲಿ ಮಾಡಿಸಿ, ಅವಳು ಬೀಸಿದ ಕಲ್ಲನ್ನು ಪಡಸಾಲೆಯಲ್ಲಿಟ್ಟು, ಊರಿಗೆ ತೋರಿಸಲು ನಾನು ಹೂಂ ಎಂದು ಬಂದಿದ್ದೆ.

ಅಮೆರಿಕದವರು 1988ರಲ್ಲಿ ಕಾಯಿದೆ ಮಾಡಿ ತಪ್ಪಾಯಿತೆಂದು ಒಪ್ಪಿಕೊಂಡರು. ಶಿಬಿರದಲ್ಲಿದ್ದು ಇನ್ನೂ ಬದುಕಿದ್ದ ಒಬ್ಬೊಬ್ಬರಿಗೆ 20,000 ಡಾಲರ್ ಕೊಟ್ಟರು. ಅಷ್ಟರಲ್ಲಿ ನಲವತ್ತಾರು ವರ್ಷವಾಗಿತ್ತು. ಗೊಂಬೆ ಸುಟ್ಟ ತಾಯಂದಿರಲ್ಲಿ ಎಷ್ಟು ಜನ ಉಳಿದಿದ್ದರೋ.

ಜೂನ್ ಮೊದಲ ವಾರ ತಿರುಗಿ ಬಂದೆ. ಮಳೆ ಇನ್ನೂ ಹಿಡಿದಿರಲಿಲ್ಲ. ಜಾಂಬೋಟಿಗೆ ಹೋಗಿ, ಅರ್ಧ ಅಳುತ್ತ, ಆಯಿಗೆ ಎಲ್ಲ ಹೇಳಿದೆ. ಅವಳು ಅಳುತ್ತಾಳೆ, ಇಲ್ಲವೇ ಶಪಿಸುತ್ತಾಳೆ ಎಂದುಕೊಂಡಿದ್ದೆ. ಬೀಸುಕಲ್ಲಿನ ಮೇಲೆ ಕೈಯಿಟ್ಟು ಏನಾದರೂ ಅನ್ನುತ್ತಾಳೆಂದು ಒಳಗೊಳಗೇ ಕಾದಿದ್ದೆನೋ ಏನೋ. ಅವಳು ಎಲೆ ಅಡಿಕೆ ಜಗಿಯುತ್ತ ಕೇಳಿಸಿಕೊಂಡಳು.

"ಕಲ್ಲಿಗೇನ್ ಬೆಂಕಿ ಹಚ್ಚತೀರಿ, ಇಟ್ಟಕೊಳ್ಳಲಿ ಬಿಡ್ರಿ. ಪ್ಯಾಟಿ ಮಂದಿ ಬೀಸತೀನಿ ಅಂದ್ರ ಬೀಸಲಿ, ನನ್ನ ರಟ್ಟಿ ಹೋಗ್ಯಾವ. ಹೊಟೇಲ ಮಾಡಿದ್ರ ಛಲೋನ ಆತು. ನನ್ನ ಸೊಸಿ ಭಾಕರಿ ಬಡೀತಾಳ, ಪಗಾರ ಕೊಡ್ರಿ ಅನ್ನರಿ. ಖೋಲಿ ಯಾರದು, ಅದನ್ನ ಮಾತ್ರ ಹೇಳ್ರಿ ತಂಗೆವ್ವ. ಇಷ್ಟ ವರ್ಷ ಆತು, ಯಾರೂ ಹೇಳಿಲ್ಲ."

ನನ್ನ ಕಣ್ಣೀರು ಅಲ್ಲೇ ಒಣಗಿತು. ಬೀಸುಕಲ್ಲಿನ ಬಗ್ಗೆ ನಾನು ಪಟ್ಟ ಸಂಕಟವೆಲ್ಲ ನನ್ನದು; ಅವಳಿಗೆ ಅದು ಎಂದೂ ಬರಿಯ ಭಾರದ ಕಲ್ಲು. ಅವಳು ಕೇಳಿದ ಪ್ರಶ್ನೆ ಬೇರೆ, ಅದಕ್ಕೆ ಉತ್ತರ ಪಂಚಾಯಿತಿಯ ಉತಾರದಲ್ಲಿದೆ. ಅಲ್ಲಿ ಇರುವುದು ಅಪ್ಪನ ಹೆಸರು.

ಉದ್ಯಮಿಗೆ ಫೋನು ಮಾಡಿ, ಹಿತ್ತಲ ಖೋಲಿ ಬಿಟ್ಟು ಉಳಿದದ್ದು ಕೊಡುತ್ತೇವೆ, ಸೊಸೆಗೆ ಅಡಿಗೆಯ ಕೆಲಸ ಕರಾರಿನಲ್ಲಿ ಬರೆಯಬೇಕು ಎಂದೆ. ವಿಚಾರ ಮಾಡಿ ಹೇಳುತ್ತೇನೆ ಅಕ್ಕಾರ ಎಂದರು. ತಮ್ಮನಿಗೂ ಫೋನು ಮಾಡಿದೆ. ಖೋಲಿಯನ್ನೂ ಅದರ ಮುಂದಿನ ನಾಲ್ಕು ಗೇರುಗಿಡಗಳನ್ನೂ ಆಯಿಯ ಹೆಸರಿಗೆ ಮಾಡಿಸೋಣ, ನಿನ್ನ ಸಹಿ ಬೇಕು ಎಂದೆ. "ಅಕ್ಕಾ, ಅಮೇರಿಕಾಕ್ಕ ಹೋಗಿ ಬಂದು ನಿನಗ ತಲಿ ಕೆಟ್ಟೈತಿ" ಎಂದ. ಗೇರುಗಿಡ ನೆಟ್ಟದ್ದು ಯಾರು ಎಂದು ಕೇಳಿದೆ. ಲೈನಿನಲ್ಲಿ ಬಹಳ ಹೊತ್ತು ಮಾತಿರಲಿಲ್ಲ. ಅವನಿಗೂ ಆ ಗಿಡದ ಕೆಳಗೆ ಗೋಡಂಬಿ ಸುಟ್ಟು ತಿಂದದ್ದು ನೆನಪಾಗಿರಬೇಕು. ದೀಪಾವಳಿಗೆ ಬಂದಾಗ ನೋಡೋಣ ಎಂದು ಇಟ್ಟುಬಿಟ್ಟ.

ಎರಡು ದೀಪಾವಳಿ ಕಳೆದವು. ಉದ್ಯಮಿ ಮುಂದಿನ ಊರಿನಲ್ಲಿ ಬೇರೆ ಮನೆ ಹಿಡಿದರು, ಚೆನ್ನಾಗಿ ನಡೆಯುತ್ತಿದೆಯೆಂದು ಕೇಳಿದೆ. ತಮ್ಮ ಹೋದ ಸಲ ಬಂದಾಗ ಕಾಗದದ ಮೇಲೆ ಸಹಿ ಹಾಕಿದ, ಮುಖ ಗಂಟಿಕ್ಕಿಕೊಂಡೇ. ಉತಾರದಲ್ಲಿ ಹೆಸರು ಏರುವುದು ಇನ್ನೂ ಬಾಕಿ ಇದೆ. ಆಫೀಸಿಗೆ ನಾಲ್ಕು ಸಲ ಹೋಗಿ ಬಂದೆ. ಮೊನ್ನೆ ಆಯಿಯ ಸೊಸೆ ಫೋನು ಮಾಡಿದ್ದಳು. ಖೋಲಿಯ ಹಂಚು ಸೋರುತ್ತಿವೆಯಂತೆ, ಮಳೆಗೆ ಮುಂಚೆ ಕೈಯಾಡಿಸಬೇಕಂತೆ. ದುಡ್ಡು ಕಳಿಸುತ್ತೇನೆ ಎಂದೆ. ಹಿಂದಿನಿಂದ ಆಯಿಯ ದನಿ ಕೇಳಿಸಿತು: "ಬ್ಯಾಡ ಅನ್ನ. ಹೆಸರ ಏರಿದ ಮ್ಯಾಲ ನಾವ ಹಾಕಸತೀವಿ."